ಗಾಳಿಕಿಂಡಿಗೆ ಹೊಲಿದ ಅಂಗಿ

ಮಧ್ಯಾಹ್ನ ಮೂರಾದರೆ ಸಾಕು, ಆ ಹೊಲಿಗೆ ಹಾಲ್‌ನಲ್ಲಿ ಎಲ್ಲರಿಗೂ ಕಣ್ಣು ಎಳೆಯುತ್ತಿತ್ತು. ಹನ್ನೆರಡು ಮಿಷನ್‌ಗಳ ಸದ್ದು ಜೋಗುಳದ ಹಾಗೆ ಕೇಳುತ್ತಿತ್ತು. ಬಿಳಿ ಬಟ್ಟೆ ಸೂಜಿಯ ಕೆಳಗೆ ತಾನಾಗಿಯೇ ಜಾರಿ ಸಾಗುತ್ತಿತ್ತು, ಹಾಲ್ ಮೆಲ್ಲಗೆ ಎಲ್ಲೋ ತೇಲುತ್ತಿದೆ ಅನ್ನಿಸುತ್ತಿತ್ತು. ಹಾಲ್ ನೋಡಿಕೊಳ್ಳುವ ದೊಡ್ಡಕ್ಕನಿಗೆ ಮಾತ್ರ ಅಲ್ಲಿನ ಎಸಿ ಬಗ್ಗೆ ಹೆಮ್ಮೆಯೋ ಹೆಮ್ಮೆ.

"ತಂಪು ಅಂದ್ರೆ ಇದು! ಮೈ ಮರೆಸುತ್ತೆ."

ಒಂದು ದಿನ ದೊಡ್ಡಕ್ಕನ ಸೊಸೆ, ಏಳು ತಿಂಗಳ ಬಸುರಿ, ಮಿಷನ್ ಓಡುತ್ತಿರುವಾಗಲೇ ತೂಕಡಿಸಿದಳು. ಸೂಜಿ ಬೆರಳಿನ ಪಕ್ಕದಲ್ಲೇ ಇಳಿಯಿತು. ಕೂದಲೆಳೆಯಲ್ಲಿ ಪಾರು.

"ತಲೆ ಭಾರ ಅತ್ತೆ. ನೀರೊಳಗೆ ಕೂತ ಹಾಗಿದೆ."

ದೊಡ್ಡಕ್ಕ ಓಡಿಬಂದು ಮಿಷನ್ ನಿಲ್ಲಿಸಿದಳು. "ನಾಳೆಯಿಂದ ನೀನು ಕೆಲಸಕ್ಕೆ ಬರೋದೇ ಬೇಡ" ಅಂದುಬಿಟ್ಟಳು. ಸೊಸೆಯ ಕಣ್ಣು ತುಂಬಿತು. ಹೊಲಿಗೆ ಅಂದರೆ ಅವಳಿಗೆ ಪ್ರಾಣ.

ಎಸಿ ಮೆಕ್ಯಾನಿಕ್ ಆಗಿದ್ದ ದೊಡ್ಡಕ್ಕನ ಮೈದುನ ಸುದ್ದಿ ಕೇಳಿ ಬಂದ. "ಅವಳನ್ನ ಬಿಡಿಸೋಕೆ ಮುಂಚೆ ಎಸಿ ನೋಡೋಣ ಅತ್ತಿಗೆ."

"ಎಸಿಗೇನು ಧಾಡಿ? ತಣ್ಣಗಿದೆಯಲ್ಲ!"

"ತಣ್ಣಗಿದೆ. ತಾಜಾ ಇದೆಯಾ?"

ಬೀರುವಿನಷ್ಟು ಎತ್ತರದ ಎಸಿಯ ಬಾಗಿಲು ತೆಗೆದು ತೋರಿಸಿದ. "ಫಿಲ್ಟರ್, ತಣ್ಣನೆ ಕೊಳವೆಗಳ ಕಾಯಿಲ್, ಫ್ಯಾನ್, ಕಂಪ್ರೆಸರ್, ಎಲ್ಲ ಒಂದೇ ಪೆಟ್ಟಿಗೇಲಿ. ಅದಕ್ಕೇ ಪ್ಯಾಕೇಜ್ ಎಸಿ ಅನ್ನೋದು. ಈ ಜಾಲರಿಯಿಂದ ಹಾಲ್‌ನ ಗಾಳಿ ಎಳ್ಕೊಳ್ಳುತ್ತೆ. ಕಾಯಿಲ್ ಅದರ ಬಿಸಿ ಹೀರುತ್ತೆ, ಆ ಬಿಸಿ ಗೋಡೆಯಾಚೆ ಹೋಗುತ್ತೆ. ತಣ್ಣಗಾದ ಗಾಳಿ ಮೇಲಿನ ಗಾಳಿ ಕೊಳವೆ, ಅಂದ್ರೆ ಡಕ್ಟ್‌ನಿಂದ ಮತ್ತೆ ನಿಮ್ಮ ಮೇಲೇ ಇಳಿಯುತ್ತೆ."

"ಅಂದ್ರೆ, ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಳ್ಳೋದಾ?" ಎಂದಳು ದೊಡ್ಡಕ್ಕ.

"ಹಾಗಾಗಬಾರದು ಅಂತಲೇ ಒಂದು ಕಿಂಡಿ ಇಟ್ಟಿರ್ತಾರೆ. ಹೊರಗಿನ ಹೊಸ ಗಾಳಿ ಅಷ್ಟಿಷ್ಟು ಬೆರೆಯಲಿ ಅಂತ. ಎಲ್ಲಿದೆ ಅದು?"

ಎಲ್ಲರೂ ದೊಡ್ಡಕ್ಕನ ಕಡೆ ತಿರುಗಿದರು. ಕಿಂಡಿಗೆ ದೊಡ್ಡಕ್ಕನೇ ಅಳತೆ ತೆಗೆದು, ಹತ್ತಿ ತುಂಬಿ, ಅಂಚಿಗೆ ಎಲಾಸ್ಟಿಕ್ ಕೊಟ್ಟು ಕವರ್ ಹೊಲಿದು ಹಾಕಿದ್ದಳು. ಚಂದಕ್ಕೆ ಎರಡು ಗುಂಡಿ ಬೇರೆ.

ಮೈದುನ ನಕ್ಕ. "ಎಸಿಗೂ ಅಂಗಿ ತೊಡಿಸಿದ್ದೀರಲ್ಲ ಅತ್ತಿಗೆ!"

"ಒಂದು ಕೈಲಿ ಎಸಿ ಹಾಕಿ, ಇನ್ನೊಂದು ಕೈಲಿ ಸೆಕೆ ಕರೀಬೇಕಾ?"

"ಸೆಕೇನ ಕಾಯಿಲ್ ನೋಡ್ಕೊಳ್ಳುತ್ತೆ. ಆದ್ರೆ ಹಳಸಿದ ಗಾಳೀನ ತಾಜಾ ಮಾಡೋಕೆ ಅದಕ್ಕಾಗಲ್ಲ. ಅದಕ್ಕೇ ಈ ತೂಕಡಿಕೆ, ತಲೆಭಾರ."

ಫಿಲ್ಟರ್ ಎಳೆದರೆ ಬಟ್ಟೆಯ ಜುಂಗು ಕಂಬಳಿಯಷ್ಟು ದಪ್ಪ ಕೂತಿತ್ತು. ಅದನ್ನು ತೊಳೆದರು. ಕಿಂಡಿಯ ಅಂಗಿಯನ್ನು ದೊಡ್ಡಕ್ಕ ತಾನೇ ಬಿಚ್ಚಿದಳು. ಸೊಸೆಯನ್ನು ಡಾಕ್ಟರಿಗೂ ತೋರಿಸಿದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಎರಡು ದಿನ ಬಿಟ್ಟು, ಮಧ್ಯಾಹ್ನ ಮೂರಕ್ಕೆ, ದೊಡ್ಡಕ್ಕ ಸೊಸೆಯ ಪಕ್ಕ ಬಂದು ನಿಂತಳು. ಹಾಲ್ ತುಂಬ ಹರಟೆ, ನಗು.

"ತಲೆ ಹೇಗಿದೆ?"

"ಹಗುರ ಇದೆ ಅತ್ತೆ. ಮಗು ಒದೀತಾ ಇದೆ."

"ತಂಪಿನ ಆಸೆಗೆ ನಿಮ್ಮಿಬ್ಬರ ಉಸಿರು ನಾನೇ ಕಟ್ಟಿದ್ದೆನಲ್ಲೇ" ಎಂದು ದೊಡ್ಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿಮ್ಮ ಅಂಗಡಿ, ಆಫೀಸು, ತರಗತಿಯಲ್ಲೂ ಎಲ್ಲರೂ ತೂಕಡಿಸುತ್ತಾರಾ? ಮಧ್ಯಾಹ್ನದ ಊಟವನ್ನು ಬೈಯುವ ಮೊದಲು ಎದ್ದು ಎಸಿ ನೋಡಿ. ಹೊಸ ಗಾಳಿಯ ಕಿಂಡಿ ಮುಚ್ಚಬೇಡಿ, ಜಾಲರಿಗೆ ಮೂಟೆ ಒರಗಿಸಬೇಡಿ, ಫಿಲ್ಟರ್ ಆಗಾಗ ತೊಳೆಸಿ. ನಿಮ್ಮ ಪಕ್ಕ ಕೂತವರೂ ಅದೇ ಗಾಳಿ ಉಸಿರಾಡುತ್ತಿದ್ದಾರೆ.