ಹಾಡಿ ಹೇಳಿದ್ದು ಮಾತಲ್ಲವೇ?

ಎಮ್ಮಿಗನೂರಿನಲ್ಲಿ ಭತ್ತದ ನಾಟಿ ಶುರುವಾದರೆ ಮೊದಲ ಹಾಡು ನಮ್ಮವ್ವ ಭರಮಮ್ಮನದು. ಅವಳು ಎತ್ತಿಕೊಟ್ಟ ಸೊಲ್ಲಿಗೆ ಇಪ್ಪತ್ತು ಹೆಂಗಸರ ಕೈ ಒಟ್ಟಿಗೆ ಕೆಸರಿಗಿಳಿಯುತ್ತಿತ್ತು. ಅಂಥವಳಿಗೆ 1983ರ ಬೇಸಿಗೆಯಲ್ಲಿ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ನೀರು ಬೇಕೆಂದರೂ ‘ಬಾ... ಬಾ...’ ಅನ್ನುವುದಷ್ಟೇ. ಹೇಳಲಾಗದ್ದಕ್ಕೆ ತಾನೇ ಸಿಟ್ಟಾಗಿ ತಟ್ಟೆ ದೂಡುತ್ತಿದ್ದಳು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಅಪ್ಪ ಸತ್ತು ಆರು ವರ್ಷವಾಗಿತ್ತು. ಕಾಲುವೆ ಪಕ್ಕದ ಎರಡೆಕರೆ ಅವ್ವನ ಹೆಸರಿಗಿತ್ತು. ಅಪ್ಪನ ತಮ್ಮ ಎರ್ರಿಯಪ್ಪ ನೋಡಲು ಬಂದವನು ಅವ್ವನ ಎದುರಿಗೇ, ಇವಳ ತಲೆ ಕೆಟ್ಟಿದೆ, ಹೊಲ ಇನ್ನು ನನ್ನದು ಎಂದ. ಅವ್ವನಿಗೆ ಎಲ್ಲ ತಿಳಿಯುತ್ತಿತ್ತು. ಕಣ್ಣಲ್ಲಿ ನೀರಿಳಿಯಿತು. ಅದನ್ನೂ ಅವನು ಹುಚ್ಚಿನ ಲಕ್ಷಣವೆಂದ.

ಒಂದು ಬೆಳಿಗ್ಗೆ ಪಕ್ಕದ ಗದ್ದೆಯ ನಾಟಿ ಹಾಡು ಮನೆಯವರೆಗೂ ಕೇಳಿತು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಂದಿನಿಂದ ಅವ್ವನ ದನಿ ಬಂತು. ಮಾತು ಹೋದವಳು ಒಂದು ಸಾಲು ಪೂರ್ತಿ ಹಾಡಿದಳು, ಒಂದಕ್ಷರ ತಪ್ಪಲಿಲ್ಲ. ಹಾಡಿ ತಾನೇ ಬೆರಗಾಗಿ ನನ್ನನ್ನು ನೋಡಿದಳು. ಅವತ್ತು ಎರಡು ರೊಟ್ಟಿ ತಿಂದಳು.

ಹೊಸಪೇಟೆಯ ಡಾಕ್ಟರಿಗೆ ಹೇಳಿದೆ. ಮೆದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟಾಗಿದೆ, ಹಾಡಿಗೆ ಬೇರೆ ಜಾಗವೂ ದುಡಿಯುತ್ತದೆ, ಬುದ್ಧಿಗೆ ಏನೂ ಆಗಿಲ್ಲ, ಬೇಕಾದ ಮಾತನ್ನು ರಾಗದಲ್ಲಿ ಕಲಿಸು ಎಂದರು. ಎಡಗೈಯಿಂದ ತೊಡೆ ತಟ್ಟಿಸುತ್ತ, ನಾಟಿಯ ಧಾಟಿಯಲ್ಲೇ ನೀರು, ಹಸಿವು, ಚಳಿ ಎಲ್ಲ ಹೇಳಿಸಿದೆ. ಎರಡು ತಿಂಗಳಿಗೆ ‘ಹೊಳೆಮ್ಮಾ’ ಎಂದು ನನ್ನನ್ನು ಹಾಡಿ ಕರೆದಳು. ಅತ್ತಿದ್ದು ನಾನು, ಅವಳು ನಗುತ್ತಿದ್ದಳು. ಆಮೇಲೆ ಒಂದೊಂದೇ ಪದ ಸೇರಿಸಿ ತಾನೇ ಸಾಲು ಕಟ್ಟತೊಡಗಿದಳು.

ಅಷ್ಟರಲ್ಲಿ ಎರ್ರಿಯಪ್ಪ ಊರ ಹಿರಿಯರನ್ನು ಸೇರಿಸಿದ. ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿದೆ. ಹಿರಿಯ ಜಡೆಪ್ಪ, ಹೊಲದ ಬಗ್ಗೆ ನಿನ್ನ ಮನಸ್ಸೇನು ಎಂದು ಕೇಳಿದರು. ಅವ್ವ ತೊಡೆ ತಟ್ಟಿ ಹಾಡಿದಳು.

“ಹೊಲ ನಂದು, ಮಗಳು ಮಾಡ್ತಾಳ, ಯಾರಿಗೂ ಕೊಡಂಗಿಲ್ಲ.”

ಜನ ನಕ್ಕರು. ಎರ್ರಿಯಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, ನ್ಯಾಯದ ಕಟ್ಟೆಯ ಮೇಲೆ ಹಾಡುವವಳಿಗೆ ಬುದ್ಧಿ ಇದೆಯೇ ನೀವೇ ಹೇಳಿ ಎಂದ. ನನಗೆ ಮೈ ಉರಿಯಿತು. ಅವಳನ್ನು ಹಾಡಿಸಿ ನಾಟಿ ಮುಗಿಸಿಕೊಂಡು ಮನೆ ತುಂಬ ಭತ್ತದ ಚೀಲ ಒಟ್ಟಿಕೊಂಡವರೇ ಅಲ್ಲಿ ಕೂತಿದ್ದರು.

“ಇಷ್ಟು ವರ್ಷ ನಿಮ್ಮ ಗದ್ಯಾಗ ಹಾಡಿದಾಗ ಆಕಿ ಹುಚ್ಚಿ ಅಲ್ಲ,” ಎಂದೆ. “ಈಗ ತನ್ನ ಹೊಲಕ್ಕ ಹಾಡಿದ್ರ ಹುಚ್ಚಿ ಆದಳೇನ್ರಿ? ಕಾಕಾ ಚಂದಾಗಿ ಮಾತಾಡಿ ಸುಳ್ಳು ಹೇಳ್ಯಾನ. ನಮ್ಮವ್ವ ಖರೇನ ಹಾಡ್ಯಾಳ. ನಿಮಗ ಯಾವುದು ಬೇಕು?”

ನಗು ನಿಂತಿತು. ಜಡೆಪ್ಪ ಅವ್ವನ ಹತ್ತಿರ ಬಂದು ಕೂತರು. ಹೊಲಕ್ಕೆ ನೀರಿನ ಪಾಳಿ ಸೋಮವಾರ ಅಲ್ಲವೇ ಎಂದು ಬೇಕೆಂದೇ ತಪ್ಪು ಕೇಳಿದರು. ಅವ್ವ ತಲೆಯಾಡಿಸಿ ಅಲ್ಲವೆಂದಳು. ಗುರುವಾರ ಎಂದಾಗ ಹೌದೆಂದಳು. ಮೂಡಲ ಬದುವಿನವರು ಯಾರೆಂದು ಕೇಳಿದಾಗ ಎದುರಿಗೆ ಕೂತಿದ್ದ ತೋಟಪ್ಪನ ಕಡೆಗೆ ಎಡಗೈ ತೋರಿಸಿದಳು. ಹತ್ತು ಪ್ರಶ್ನೆಯಲ್ಲಿ ಒಂದೂ ತಪ್ಪಲಿಲ್ಲ. ಹೊಲ ಭರಮಮ್ಮನದೇ, ಮಗಳು ಮಾಡಲಿ ಎಂದು ಜಡೆಪ್ಪ ಹೇಳಿದರು. ಎರ್ರಿಯಪ್ಪ ಟವೆಲ್ ಕೊಡವಿ ಎದ್ದು ಹೋದ.

ಅವ್ವ ಗೆದ್ದ ಖುಷಿಯಲ್ಲಿದ್ದಳು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ನಕ್ಕವರಲ್ಲಿ ಒಬ್ಬರಾದರೂ ಬಂದು ತಪ್ಪಾಯಿತು ಎನ್ನಬಹುದಿತ್ತು. ಯಾರೂ ಬರಲಿಲ್ಲ.