ದಾರದಣ್ಣನ ಬಲಗೈ

ಪುಸ್ತಕ ಕಟ್ಟುವವನ ಕಷ್ಟ ಪುಸ್ತಕ ಓದುವವರಿಗೆ ಎಲ್ಲಿಂದ ಗೊತ್ತಾಗಬೇಕು! ಕೈ ಒಣಗಿ ಒಡೆದಿದೆ, ಮುಲಾಮು ಹಚ್ಚೋಣ ಎಂದರೆ ಕಾಗದಕ್ಕೆ ಜಿಡ್ಡು ಹತ್ತುತ್ತದೆ. ಹಚ್ಚದೆ ಬಿಟ್ಟರೆ ಬಿರುಕಿನಿಂದ ರಕ್ತ ಒಸರಿ ಅದೇ ಕಾಗದಕ್ಕೆ ಹತ್ತುತ್ತದೆ. ಎರಡರಲ್ಲಿ ಯಾವುದು ವಾಸಿ ಎಂದು ದಾರದಣ್ಣನನ್ನು ಕೇಳಿದ್ದರೆ, "ಎರಡೂ ಬೇಡ ಸ್ವಾಮಿ, ನನ್ನನ್ನ ನನ್ನ ಪಾಡಿಗೆ ಬಿಡಿ" ಎನ್ನುತ್ತಿದ್ದ.

ದಾರದಣ್ಣ ಪ್ರೆಸ್ಸಿನಲ್ಲಿ ಬೈಂಡರು. ಅಂಗಿಯ ಕಾಲರಿಗೆ ಸದಾ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದ, ಅದರಿಂದ ಮೊಳದುದ್ದ ದಾರ ಜೋತಾಡುತ್ತಿತ್ತು. ಹೆಸರು ಬಂದದ್ದು ಹಾಗೆ. ಉಳಿದ ಕೆಲಸವನ್ನೆಲ್ಲ ಮೆಷಿನ್ನುಗಳು ಕಸಿದುಕೊಂಡಿದ್ದರೂ ಕೈಹೊಲಿಗೆಯ ಪುಸ್ತಕ ಬಂತೆಂದರೆ ಕಿಟಕಿ ಪಕ್ಕದ ಅವನ ಮೇಜಿಗೇ ಬರಬೇಕು. ಮೂವತ್ತು ವರ್ಷದಿಂದ ಆ ಮೇಜು ಅವನದು. ಅದರ ಒಂದು ಮೂಲೆ ಅವನ ಮೊಣಕೈ ತಾಗಿ ತಾಗಿ ಸವೆದೇ ಹೋಗಿತ್ತು.

ಕೈ ಮೊದಲಿನಿಂದಲೂ ಒರಟೇ. ಕಾಗದ ಕೈಯ ಪಸೆಯನ್ನೆಲ್ಲ ಹೀರಿಬಿಡುತ್ತದೆ, ಬೈಂಡರುಗಳಿಗೆ ಅದು ಹೊಸದಲ್ಲ. ಆದರೆ ಈಚಿನ ಎರಡು ವರ್ಷದಲ್ಲಿ ಅದು ಕೈಯಾಗಿಯೇ ಉಳಿದಿರಲಿಲ್ಲ. ಬೆರಳ ಗೆಣ್ಣುಗಳಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಅಂಗೈ ಗೆರೆಗಳ ಉದ್ದಕ್ಕೂ ಬಿರುಕು. ಕಿತ್ತಳೆ ಸುಲಿದರೆ ಕಣ್ಣಲ್ಲಿ ನೀರು. ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯಬೇಕು. ಅವಳೋ ಗುಂಡಿ ಹಾಕುತ್ತಲೇ, "ಈ ಕೈ ಇದ್ರೆ ನಮ್ಮನೆಗೆ ಪಾತ್ರೆ ಉಜ್ಜೋ ನಾರು ತರೋದೇ ಬೇಡ" ಎಂದು ಛೇಡಿಸುತ್ತಿದ್ದಳು. ಒಮ್ಮೆ ಯಾರದೋ ಮಾತು ಕೇಳಿ ಬಿರುಕುಗಳಿಗೆ ಚಪ್ಪಲಿ ಅಂಟಿಸುವ ಅಂಟು ಹಾಕಿಕೊಂಡು, ಎರಡು ಬೆರಳೂ ಒಂದು ರಟ್ಟೂ ಒಂದಕ್ಕೊಂದು ಅಂಟಿ, ಮಧ್ಯಾಹ್ನವಿಡೀ ರಟ್ಟು ಹಿಡಿದುಕೊಂಡೇ ಓಡಾಡಿದ್ದ. ಪ್ರೆಸ್ಸಿನವರು ವಾರಗಟ್ಟಲೆ ನಕ್ಕರು.

ನಗದೆ ಇದ್ದವಳು ಮಗಳೊಬ್ಬಳೇ. ಅವಳು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಸಂಜೆ ಮನೆಗೆ ಬಂದವಳೇ ಬ್ಯಾಗು ಮೂಲೆಗೆಸೆದು, "ಅಪ್ಪಾ, ಕೈ ತಾ" ಎಂದು ಮುಲಾಮಿನ ಡಬ್ಬಿ ಹಿಡಿದು ಕೂರುತ್ತಿದ್ದಳು. ಒಂದೊಂದು ಬಿರುಕಿಗೂ ಬೇರೆಬೇರೆಯಾಗಿ, ನೋಯದ ಹಾಗೆ, ಮೆಲ್ಲಗೆ ಹಚ್ಚುವಳು. ದಾರದಣ್ಣ ಎಲ್ಲೋ ನೋಡಿಕೊಂಡು ಕೂತಿರುತ್ತಿದ್ದ. ಇಂಥ ಮಗಳನ್ನು ಪಡೆಯಲು ತಾನೇನು ಮಾಡಿದ್ದೆ ಎಂದು ದಿನಕ್ಕೊಮ್ಮೆ ಅನಿಸುತ್ತಿತ್ತು. ಬಾಯಿ ಬಿಟ್ಟು ಒಂದು ದಿನವೂ ಹೇಳಿರಲಿಲ್ಲ, ಮಹರಾಯ.

ಹೀಗಿರುವಾಗ ವಕೀಲರೊಬ್ಬರ ಪುಸ್ತಕದ ಒಳಪುಟದಲ್ಲಿ ರಕ್ತದ ಕಲೆ ಸಿಕ್ಕಿತು. ವಕೀಲರು ಪ್ರೆಸ್ಸಿಗೇ ಬಂದು ಎಲ್ಲರೆದುರು ಕೂಗಾಡಿದರು. ಅವರು ಮೆಟ್ಟಿಲಿಳಿದ ಮೇಲೆ ಪ್ರೆಸ್ಸಿನ ಯಜಮಾನರು ಇವನ ಕಡೆ ತಿರುಗಿದರು.

"ನೋಡು ದಾರದಣ್ಣ, ನಿನ್ನ ಕೆಲಸಕ್ಕೆ ನಾನು ಯಾವತ್ತೂ ಹೆಸರಿಟ್ಟವನಲ್ಲ. ಆದ್ರೆ ಇನ್ನೊಂದು ಪುಸ್ತಕ ಕಲೆ ಆಯ್ತೋ, ಸೂಜಿ ಕೆಳಗಿಟ್ಟು ಪ್ಯಾಕಿಂಗ್‌ಗೆ ಹೋಗು. ಈ ಮೇಜು ತೆಗೆಸಿ ಪಿನ್ ಹೊಡೆಯೋ ಮೆಷಿನ್ ಇನ್ನೊಂದು ತರಿಸ್ತೀನಿ. ಆಮೇಲೆ ನನ್ನನ್ನ ಬೈಕೋಬೇಡ."

ಸಂಬಳವೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಸೂಜಿಯಿಲ್ಲದ ದಾರದಣ್ಣ ಎಂಥ ದಾರದಣ್ಣ? ಆವತ್ತಿನಿಂದ ಅವನು ಮೈಯೆಲ್ಲ ಕಣ್ಣಾದ. ಬೆಳಗ್ಗೆ ಬಂದವನೇ ನಲ್ಲಿಯಲ್ಲಿ ಎರಡು ಸಲ ಸೋಪು ಹಾಕಿ ಕೈ ತೊಳೆಯುವುದು, ಒರೆಸುವುದು, ರದ್ದಿ ಕಾಗದದ ಮೇಲೆ ಹೆಬ್ಬೆರಳು ಒತ್ತಿ ಬೆಳಕಿಗೆ ಹಿಡಿದು ನೋಡುವುದು. ಗುರುತು ಬೀಳದಿದ್ದರೆ ಮಾತ್ರ ಕೆಲಸಕ್ಕೆ ಕೈ.

ಆ ವಾರವೇ ಒಬ್ಬ ಅಜ್ಜಿ ಬಟ್ಟೆಚೀಲ ಹೊತ್ತುಕೊಂಡು ಏದುಸಿರು ಬಿಡುತ್ತ ಬಂದರು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ನರ್ಸಮ್ಮ. ಚೀಲದಿಂದ ಏಳು ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಕೈಲಿ ಹುಟ್ಟಿದ ಮಕ್ಕಳೆಲ್ಲ ಇದರಲ್ಲಿದಾರೆ ಕಣಪ್ಪ. ದಿನಾ ಮನೆಗೆ ಹೋಗಿ ಬರೆದಿಡ್ತಿದ್ದೆ. ಎಲ್ಲಾ ಸೇರಿಸಿ ಒಂದೇ ಪುಸ್ತಕ ಮಾಡಿಕೊಡು. ಪಿನ್ ಹೊಡೀಬೇಡ, ತುಕ್ಕು ಹಿಡಿಯುತ್ತೆ. ಹೊಲಿ. ಜೋಪಾನ, ನನ್ನ ಹತ್ರ ಇರೋದು ಇದೊಂದೇ."

ಪಿನ್ ಬೇಡ, ಹೊಲಿ ಎಂದವರನ್ನು ದಾರದಣ್ಣ ಹೇಗೆ ತಾನೆ ಮೆಚ್ಚದಿದ್ದಾನು! ಐದು ದಿನ ಬಿಟ್ಟು ಬನ್ನಿ ಎಂದ.

ಮರುದಿನ ವಿಪರೀತ ಚಳಿ. ಮನೆ ಬಿಡುವಾಗ ಮಗಳು ಅವನ ಕೈಗೆ ಇನ್ನೊಂದು ಸಲ ಮುಲಾಮು ಬಳಿದು ಕಳಿಸಿದ್ದಳು. ಪ್ರೆಸ್ಸಿಗೆ ಬಂದು ನಲ್ಲಿಯ ಕಡೆ ಹೊರಟವನು ಮೇಜಿನ ಮುಂದೆ ಹಾದುಹೋಗಬೇಕಿತ್ತು. ಅಲ್ಲಿ, ಮೂರನೆಯ ನೋಟುಪುಸ್ತಕದ ರಟ್ಟಿನ ಮೇಲೆ ಬರೆದಿದ್ದ ಇಸವಿ ಕಣ್ಣಿಗೆ ಬಿತ್ತು. ಮಗಳು ಹುಟ್ಟಿದ ವರ್ಷ.

ದಾರದಣ್ಣ ತಾನು ಕಟ್ಟುವ ಪುಸ್ತಕ ಓದಿದವನೇ ಅಲ್ಲ. ಓದುತ್ತ ಕೂತರೆ ಹೊಲಿಯುವುದು ಯಾವಾಗ? ಆದರೆ ಆವತ್ತು ಎಲ್ಲ ಮರೆತ. ನಲ್ಲಿ ಮರೆತ, ಸೋಪು ಮರೆತ, ಪ್ಯಾಕಿಂಗಿನ ಬೆದರಿಕೆ ಕೂಡ ಮರೆತ. ಹಾಳೆ ತಿರುವಿ ತಾರೀಖು ಹುಡುಕಿದ. ಸಿಕ್ಕಿಯೇ ಬಿಟ್ಟಿತು. ದುಂಡಗಿನ ಅಕ್ಷರ, ನೀಲಿ ಶಾಯಿ.

"ಹೆಣ್ಣು ಮಗು. ಎರಡು ಕಿಲೋ ಏಳುನೂರು. ಅಪ್ಪ ಪ್ರೆಸ್ಸಿನವನು, ಬೆಳಗಿನಿಂದ ಬಾಗಿಲ ಬಳಿ ನಿಂತೇ ಇದ್ದ. ಮಗು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ. ಕೈ ಒರಟು, ಮಗುವಿಗೆ ಗೀರುತ್ತೆ ಎಂದ. ಬೈದು ಕೊಟ್ಟೆ. ಅಳುತ್ತಿದ್ದ ಮಗು ಸುಮ್ಮನಾಯಿತು."

ಹೌದು, ಬೈದಿದ್ದರು! ಮೂಗುಬಾಯಿಗೆ ಬಟ್ಟೆ ಕಟ್ಟಿದ್ದ ಯಾರೋ ಒಬ್ಬರು, "ಹಿಡ್ಕೊಳಯ್ಯ, ಇದೇನು ಗಾಜಿನ ಬೊಂಬೆನಾ?" ಎಂದು ಗದರಿದ್ದು ನಿನ್ನೆಯ ಹಾಗೆ ಕಿವಿಯಲ್ಲಿ ಕೇಳಿತು. ಆವತ್ತು ಅವರು ಬೈಯದೆ ಹೋಗಿದ್ದರೆ ತಾನು ಮಗುವನ್ನು ಮುಟ್ಟಲು ಇನ್ನೆಷ್ಟು ದಿನ ಹೆದರುತ್ತಿದ್ದೆನೋ ಎಂದುಕೊಂಡ. ಕಡೆಯ ಸಾಲನ್ನು ಹೆಬ್ಬೆರಳಿಟ್ಟು ಇನ್ನೊಮ್ಮೆ ಓದಿದ.

ಹೆಬ್ಬೆರಳು ಎತ್ತಿ ನೋಡಿದ. ಕಾಗದದ ಮೇಲೆ ಜಿಡ್ಡಿನ ಗುರುತು ಅಚ್ಚೊತ್ತಿದ ಹಾಗೆ ಬಿದ್ದಿತ್ತು, ಬಿರುಕುಗಳ ಗೆರೆಗಳ ಸಮೇತ. ಹಿಂದಿನ ಪುಟದ ಅಕ್ಷರ ಅದರೊಳಗಿಂದ ಕಾಣುತ್ತಿತ್ತು.

ಸೀಮೆಸುಣ್ಣದ ಪುಡಿ ಉದುರಿಸಿದ. ಮೇಲೊಂದು ಕಾಗದವಿಟ್ಟು ಹದ ಬಿಸಿಯ ಇಸ್ತ್ರಿಪೆಟ್ಟಿಗೆ ಒತ್ತಿದ. ಮೂರು ಸಲ ಮಾಡಿದ. ಜಿಡ್ಡು ಮುಕ್ಕಾಲುಪಾಲು ಹೋಯಿತು, ಗುರುತು ಹೋಗಲಿಲ್ಲ. ಸಾವಿರ ಪುಟದಲ್ಲಿ ಒಂದು ಬೆರಳ ಗುರುತನ್ನು ಯಾರು ನೋಡುತ್ತಾರೆ, ಸುಮ್ಮನಿದ್ದುಬಿಡು ಎಂದು ಒಳಗಿನಿಂದ ಯಾರೋ ಹೇಳಿದರು. ನೋಡದಿದ್ದರೂ ನಿನಗೆ ಗೊತ್ತಲ್ಲ ಎಂದೂ ಅವರೇ ಹೇಳಿದರು. ನಾಲ್ಕು ದಿನ ತಲೆ ಎತ್ತದೆ ಹೊಲಿದ. ಇದೇ ಕಡೆಯ ಪುಸ್ತಕ ಎಂದು ಲೆಕ್ಕ ಹಾಕಿ, ಒಂದೊಂದು ಹೊಲಿಗೆಯನ್ನೂ ಎಳೆದು ಎಳೆದು ನೋಡಿ ಹಾಕಿದ. ಬೆನ್ನಿಗೆ ಅಂಟು ಸವರಿ ರಟ್ಟು ಕೂರಿಸಿದ. ಅಷ್ಟು ಚೆಂದದ ಪುಸ್ತಕ ಅವನ ಕೈಯಿಂದ ಎಂದೂ ಬಂದಿರಲಿಲ್ಲ.

ಆ ನಾಲ್ಕೂ ಸಂಜೆ ಮಗಳು "ಕೈ ತಾ" ಎಂದರೆ, "ಬೇಡ ಬಿಡು" ಎಂದು ಕೈಯನ್ನು ಜೇಬಿಗೆ ಸೇರಿಸಿದ. "ನನ್ನ ಮುಲಾಮಿಂದ ಉರಿ ಜಾಸ್ತಿ ಆಯ್ತಾ ಅಪ್ಪ?" ಎಂದು ಅವಳು ಸಣ್ಣ ಮುಖ ಮಾಡಿ ಕೇಳಿದಳು. ಕಲೆಯ ಸುದ್ದಿ ಹೇಳಿದರೆ ಅವಳು ತನ್ನನ್ನೇ ಹಳಿದುಕೊಳ್ಳುತ್ತಾಳೆ ಎಂದು ಅವನು ಊಟಕ್ಕೆ ಎದ್ದ. ಬಿರುಕುಗಳು ಮತ್ತಷ್ಟು ಬಾಯಿ ಬಿಟ್ಟವು.

ಐದನೆಯ ದಿನ ನರ್ಸಮ್ಮ ಬಂದರು. ಯಜಮಾನರು ಕುರ್ಚಿ ಎಳೆದು ಕೂರಿಸಿದರು. ಪುಸ್ತಕ ನೋಡಿ ಅಜ್ಜಿಯ ಮುಖ ಊರಗಲವಾಯಿತು. "ಏನು ಹೊಲಿಗೆ ಹಾಕಿದೀಯಪ್ಪ! ನಮ್ಮ ಡಾಕ್ಟ್ರುಗಳಿಗೂ ಇಷ್ಟು ನೀಟಾಗಿ ಬರ್ತಿರ್ಲಿಲ್ಲ" ಎಂದರು.

ದಾರದಣ್ಣ ಆ ಪುಟ ತೆಗೆದು ಅವರ ಮುಂದಿಟ್ಟ.

"ನರ್ಸಮ್ಮ, ಇಲ್ಲಿ ಕಲೆ ಆಗಿದೆ. ನನ್ನ ಹೆಬ್ಬೆರಳೇ. ಮುಲಾಮಿನ ಕೈಲಿ ಮುಟ್ಟಿಬಿಟ್ಟೆ. ತೆಗೆಯೋಕೆ ನೋಡಿದೆ, ಆಗ್ಲಿಲ್ಲ." ಆಮೇಲೆ ಯಜಮಾನರ ಕಡೆ ನೋಡದೆಯೇ, "ಯಜಮಾನ್ರೇ, ನಾಳೆಯಿಂದ ಪ್ಯಾಕಿಂಗ್‌ಗೆ ಹೋಗ್ತೀನಿ" ಎಂದು ಕಾಲರಿನ ಸೂಜಿ ತೆಗೆದು ಮೇಜಿನ ಮೇಲಿಟ್ಟ.

ಯಜಮಾನರ ಹುಬ್ಬು ಗಂಟಿಕ್ಕಿತು. ಆದರೆ ಅವರು ಬಾಯಿ ತೆರೆಯುವ ಮೊದಲೇ ಅಜ್ಜಿ, "ಕಲೆ ಆಮೇಲೆ ನೋಡೋಣ, ಮೊದಲು ಕೈ ತೋರಿಸು" ಎಂದರು.

ಅವನ ಬಲಗೈಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡರು. ಮುಖ ಸಿಂಡರಿಸಲಿಲ್ಲ, ಅಯ್ಯೋ ಎನ್ನಲಿಲ್ಲ.

"ಇನ್ನೊಂದು?"

ಎಡಗೈ ಕೊಟ್ಟ. ಅದು ಒಣಗಿತ್ತು ಅಷ್ಟೆ, ಒಡೆದಿರಲಿಲ್ಲ.

"ಬರೀ ಕಾಗದ, ಬರೀ ಸೋಪು ಆಗಿದ್ರೆ ಎರಡು ಕೈಯೂ ಒಡೀಬೇಕಿತ್ತು. ಎಡಗೈ ಮಾಡದೆ ಇರೋಂಥದ್ದು ಏನು ಮಾಡುತ್ತಪ್ಪ ಈ ಬಲಗೈ?"

"ದಾರ ಎಳೀತೀನಿ."

"ದಾರ ತೋರುಬೆರಳಿಗೆ ತಾನೆ? ಅಂಗೈ ಯಾಕೆ ಒಡೆದಿದೆ? ಉಗುರಿನ ಸಂದಿ ಯಾಕೆ ಹಸಿರಾಗಿದೆ?"

ದಾರದಣ್ಣ ತಬ್ಬಿಬ್ಬಾದ. ಕಣ್ಣು ತಾನಾಗಿಯೇ ಅಂಟಿನ ಬಕೆಟ್ಟಿನ ಕಡೆ ಹೋಯಿತು. ಅಜ್ಜಿ ಎದ್ದು ಹೋಗಿ ಬಕೆಟ್ಟಿಗೆ ಬಗ್ಗಿ ನೋಡಿದರು. ಮೈದಾ ಕುದಿಸಿ ಮಾಡಿದ ಅಂಟು, ಆದರೆ ಬಣ್ಣ ನೀಲಿಗಟ್ಟಿತ್ತು.

"ಇದಕ್ಕೇನು ಹಾಕ್ತೀರಿ?"

"ಮೈಲುತುತ್ತ. ಪುಸ್ತಕಕ್ಕೆ ಹುಳ ಬೀಳದೆ ಇರಲಿ ಅಂತ."

"ಕೈಯಲ್ಲೇ ಬಳೀತೀಯ?"

"ಹೌದು."

"ಬ್ರಷ್ ಇಲ್ವಾ?"

"ಇದೆ ನರ್ಸಮ್ಮ. ಬ್ರಷ್ಷಿಗೆ ಪುಸ್ತಕದ ಮೂಲೆ ಗೊತ್ತಾಗಲ್ಲ. ಬೆರಳಿಗೆ ಗೊತ್ತಾಗುತ್ತೆ. ನಮ್ಮ ಗುರುಗಳು ಕಲಿಸಿದ್ದೇ ಹಾಗೆ." ಈ ಮಾತು ಹೇಳುವಾಗ ಆ ಸ್ಥಿತಿಯಲ್ಲೂ ಅವನ ಎದೆ ಒಂದಿಷ್ಟು ಉಬ್ಬಿತು.

"ನಾನು ಮೂವತ್ತೈದು ವರ್ಷ ಕೈಗವಸು ಹಾಕ್ಕೊಂಡೇ ಹೆರಿಗೆ ಮಾಡಿಸಿದ್ದು ಕಣಯ್ಯ. ಯಾವ ಮಗು ಮೂಲೇಲಿ ಉಳ್ಕೊಂಡಿದೆ ಹೇಳು ನೋಡೋಣ?"

ಅಚ್ಚಿನ ಮೆಷಿನ್ನಿನ ಹತ್ತಿರ ಯಾರೋ ಕಿಸಕ್ಕೆಂದರು. ಯಜಮಾನರು ಮಾತ್ರ ನಗಲಿಲ್ಲ. ಅವರ ಮುಖ ಕೆಂಪಾಗಿತ್ತು. ಎರಡು ವರ್ಷದ ಹಿಂದೆ ಗೋಡೌನಿಗೆ ಹುಳ ಬಿದ್ದಾಗ, ಮೈಲುತುತ್ತ ಒಂದಕ್ಕೆ ಎರಡು ಹಾಕಿ ಎಂದವರು ಅವರೇ. ಎರಡು ವರ್ಷದಿಂದ ಈ ಮನುಷ್ಯ ಅದರಲ್ಲಿ ಕೈ ಅದ್ದುತ್ತಿದ್ದಾನೆ, ಅದರಿಂದಾದ ಕಲೆಗೆ ತಾವು ಇವನನ್ನೇ ಗದರಿಸಿದ್ದಾಯಿತು.

"ಹೇಳೋಕ್ಕೇನಾಗಿತ್ತೋ ನಿನಗೆ?" ಎಂದರು, ಕೋಪವೋ ಸಂಕಟವೋ ತಿಳಿಯದ ದನಿಯಲ್ಲಿ.

"ನಂಗೇ ಗೊತ್ತಿರ್ಲಿಲ್ವಲ್ಲ ಯಜಮಾನ್ರೇ."

ಯಜಮಾನರು ಒಳಗೆ ಹೋಗಿ ಹೊಸ ಬ್ರಷ್ಷೊಂದನ್ನು ತಂದು ಸೂಜಿಯ ಪಕ್ಕದಲ್ಲಿಟ್ಟರು. "ಪ್ಯಾಕಿಂಗ್‌ಗೆ ಹೋಗೋದೇನೂ ಬೇಡ. ಇದನ್ನ ಹಿಡಿ. ಮೂಲೆ ಗೊತ್ತಾಗದಿದ್ರೆ ಕಲಿಸಿಕೊಡು ಅದಕ್ಕೆ. ಮೈಲುತುತ್ತ ಮೊದಲಿನಷ್ಟೇ ಹಾಕಿ, ಕಲಸೋದು ಕೋಲಲ್ಲಿ. ಮತ್ತೆ ಆ ಸೂಜಿ ಅಲ್ಯಾಕಿಟ್ಟಿದೀಯ? ಚುಚ್ಚಿಕೋ, ನೋಡೋಕಾಗ್ತಿಲ್ಲ."

ದಾರದಣ್ಣ ಸೂಜಿ ಎತ್ತಿಕೊಂಡ. ಮೂರು ಸಲ ಪ್ರಯತ್ನಿಸಿದ ಮೇಲೆ ಸೂಜಿ ಕಾಲರಿಗೆ ಹೋಯಿತು.

ಅಜ್ಜಿ ಅಷ್ಟರಲ್ಲಿ ಪುಟಕ್ಕೆ ಬಗ್ಗಿದ್ದರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇಷ್ಟು ಪುಟ ಇರುವಾಗ ಇದೇ ಪುಟಕ್ಕೆ ಯಾಕಪ್ಪ ಬಂತು ನಿನ್ನ ಹೆಬ್ಬೆರಳು?"

"ಇವನು ನಾನೇ ನರ್ಸಮ್ಮ. ಕೈ ಹಿಂದಕ್ಕೆ ಕಟ್ಟಿಕೊಂಡವನು." ಈ ಸಲ ಕಾಗದಕ್ಕೆ ಬೆರಳು ತಾಗಿಸದೆ ಆ ಸಾಲನ್ನು ತೋರಿಸಿದ. "ಆವತ್ತು ನೀವು ಬೈದಿದ್ದು ಒಳ್ಳೇದಾಯ್ತು. ನಿಮ್ಮ ಋಣ ನನ್ನ ಮೇಲಿದೆ ಅಂತ ಇಷ್ಟು ವರ್ಷ ನಂಗೆ ತಿಳೀಲೇ ಇಲ್ಲ."

"ಆ ಮಗು ಈಗೇನು ಮಾಡ್ತಿದೆ?"

"ಈ ಮುಲಾಮು ಹಚ್ಚಿದ್ದು ಅದೇ ಮಗು."

ಅಜ್ಜಿ ಚೀಲದಿಂದ ಪೆನ್ನು ತೆಗೆದು, ಹೆಬ್ಬೆರಳ ಗುರುತಿನ ಪಕ್ಕದಲ್ಲಿ, ಈಗ ಸ್ವಲ್ಪ ನಡುಗುವ ಅದೇ ದುಂಡಗಿನ ಅಕ್ಷರದಲ್ಲಿ ಬರೆದರು: "ಇಪ್ಪತ್ತೊಂದು ವರ್ಷದ ನಂತರ. ಇದು ಆ ಅಪ್ಪನ ಕೈ. ಮುಲಾಮು ಮಗಳದು."

"ಇದು ಕಲೆ ಅಲ್ಲ, ಗೊತ್ತಾಯ್ತಾ? ಇದು ನನ್ನ ಪುಸ್ತಕದ್ದೇ" ಎಂದು ಮುಚ್ಚಿ ಎದೆಗವಚಿಕೊಂಡರು. ಬಾಗಿಲವರೆಗೆ ಹೋದವರು ಮತ್ತೆ ತಿರುಗಿ, "ಕೈ ತೊಳೆದು ಪೂರ್ತಿ ಒಣಗೋಕೆ ಬಿಡಬೇಡ, ಪಸೆ ಇರುವಾಗಲೇ ಹಚ್ಚು. ಬಿಸಿನೀರು ಮುಟ್ಟಬೇಡ. ಕೆಲಸದಲ್ಲಿ ಹತ್ತಿಬಟ್ಟೆ ಕೈಗವಸು ಹಾಕ್ಕೋ, ಕಾಗದಕ್ಕೆ ಜಿಡ್ಡೂ ಆಗಲ್ಲ. ಬೈಸ್ಕೊಳ್ಳೋ ಅಭ್ಯಾಸ ಇದೆಯಲ್ಲ ನಿನಗೆ, ಕೇಳದಿದ್ರೆ ಬಂದು ಬೈತೀನಿ" ಎಂದು ಹೋದರು.

ಆ ಸಂಜೆ ಮಗಳು ಬ್ಯಾಗು ಇಡುವ ಮೊದಲೇ ದಾರದಣ್ಣ ಎರಡು ಕೈಯನ್ನೂ ಚಾಚಿಕೊಂಡು ಕೂತಿದ್ದ. ನಡೆದದ್ದನ್ನೆಲ್ಲ ಹೇಳಿದ. ಅವಳು ಹಚ್ಚುತ್ತಲೇ ಕೇಳಿದಳು. ಕೈ ಹಿಂದಕ್ಕೆ ಕಟ್ಟಿಕೊಂಡದ್ದು ಬಂದಾಗ ಹೆಂಡತಿ ಒಳಗಿನಿಂದಲೇ, "ಅದನ್ನ ನಾನು ಅವಳಿಗೆ ನೂರು ಸಲ ಹೇಳಿದೀನಿ" ಎಂದಳು.

"ಗೊತ್ತಿತ್ತಾ ನಿನಗೆ?" ಎಂದು ಮಗಳನ್ನು ಕೇಳಿದ.

"ಗೊತ್ತಿಲ್ದೆ ಏನು. ಅದಕ್ಕೇ ಅಲ್ವಾ ಅಪ್ಪ, ನಾನು ದಿನಾ ಹಚ್ಚೋದು?"

ಆವತ್ತು ದಾರದಣ್ಣ ಎಲ್ಲೋ ನೋಡಿಕೊಂಡು ಕೂರಲಿಲ್ಲ. ಮಗಳ ಮುಖವನ್ನೇ ನೋಡಿ, "ನೀನು ನನ್ನ ಪುಣ್ಯ ಕಣಮ್ಮ" ಎಂದ. ಇಪ್ಪತ್ತೊಂದು ವರ್ಷ ತಡವಾಗಿತ್ತು, ಆದರೆ ಹೇಳಿದ.

ಬ್ರಷ್ಷು ಮೂಲೆ ಕಲಿಯಲು ಹದಿನೈದು ದಿನ ತೆಗೆದುಕೊಂಡಿತು. ಎರಡು ತಿಂಗಳಲ್ಲಿ ಬಿರುಕುಗಳು ಒಂದೊಂದಾಗಿ ಕೂಡಿಕೊಂಡವು. ಒಣಗುವುದು ನಿಲ್ಲಲಿಲ್ಲ. ಕಾಗದ ಕಾಗದವೇ, ಚಳಿ ಬಂದರೆ ಒಂದೆರಡು ಬಿರುಕು ಮತ್ತೆ ಬಂದೇ ಬರುತ್ತಿತ್ತು. ಆದರೆ ಈಗ ಅಂಗಿಯ ಗುಂಡಿಯನ್ನು ಅವನೇ ಹಾಕಿಕೊಳ್ಳುತ್ತಿದ್ದ, ಕಿತ್ತಳೆಯನ್ನೂ ಸುಲಿಯುತ್ತಿದ್ದ.

ಒಂದು ಸಂಜೆ ಮಗಳು ಅವನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇವತ್ತು ಏನೂ ಬೇಡ ಬಿಡಪ್ಪ, ಚೆನ್ನಾಗೇ ಇದೆ" ಎಂದು ಡಬ್ಬಿಯ ಮುಚ್ಚಳ ಹಾಕಲು ಹೋದಳು.

ದಾರದಣ್ಣ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಇರಲಿ, ಹಚ್ಚು" ಎಂದ.