ತೂಕ ನೋಡದೆ ತುಂಬಿಸಿದ ಬಾಟಲಿ

ಎಂಜಿನ್ನಿಗೆ ಹೆಚ್ಚು ಜೋರು ಕೊಡುವ ನೈಟ್ರಸ್ ಗ್ಯಾಸಿನ ಬಾಟಲಿ ತುಂಬಿಸುವವರಿಗೆಲ್ಲ ಒಂದೇ ತಲೆನೋವು. ದೊಡ್ಡ ಸಿಲಿಂಡರಿನಿಂದ ಕಾರಿನ ಪುಟ್ಟ ಬಾಟಲಿಗೆ ಪೈಪು ಹಾಕಿದರೆ, ಅರ್ಧ ತುಂಬುವಷ್ಟರಲ್ಲಿ ಗ್ಯಾಸು ಮುನಿಸಿಕೊಂಡ ನೆಂಟನ ಹಾಗೆ ನಿಂತುಬಿಡುತ್ತದೆ. ಕಾರಿಗೆ ಇನ್ನಷ್ಟು ವೇಗ ಬೇಕೆಂದು ಬಂದ ಗಿರಾಕಿ ಹೊರಗೆ ಹಾರನ್ ಬಾರಿಸುತ್ತಿರುತ್ತಾನೆ.

ರೇಸ್ ಕಾರುಗಳ ಗ್ಯಾರೇಜಿನ ಮೇಸ್ತ್ರಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ಬಾಟಲಿಯನ್ನು ಮೊದಲು ಐಸಿನ ಪೆಟ್ಟಿಗೆಯಲ್ಲಿ ಇಡುವುದು. ತಣ್ಣಗಾದ ಬಾಟಲಿ ಗಟಗಟನೆ ಗ್ಯಾಸು ಕುಡಿಯುತ್ತಿತ್ತು. ಎಷ್ಟು ಕುಡಿಯಿತು ಎಂದು ತಿಳಿಯಲು ಅದರ ಕತ್ತು ಹಿಡಿದು ಎರಡು ಸಲ ಎತ್ತಿ ಇಳಿಸುತ್ತಿದ್ದ, ಅಷ್ಟೇ. ತಕ್ಕಡಿಯ ಮಾತೆತ್ತಿದರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ.

ಅವನ ಅಕ್ಕ ಗ್ಯಾಸ್ ಡಿಪೋದಲ್ಲಿ ಹನ್ನೊಂದು ವರ್ಷದಿಂದ ಸಿಲಿಂಡರ್ ತೂಗುವ ಕೆಲಸದವಳು. ಸ್ಕೂಟರಿನ ಬ್ರೇಕ್ ಸರಿಮಾಡಿಸಲು ಬಂದವಳು ಇವನ ಆಟ ನೋಡಿ ಬಾಗಿಲಲ್ಲೇ ನಿಂತಳು.

"ಏನೋ ಇದು, ಮಗು ಎತ್ತಿ ಆಡಿಸೋ ಹಾಗೆ ಆಡಿಸ್ತಿದ್ದೀಯ? ತೂಕ ನೋಡಲ್ವಾ?"

"ನನ್ನ ಕೈ ಇರುವಾಗ ತಕ್ಕಡಿ ಯಾಕಕ್ಕ? ಹದಿನೈದು ವರ್ಷದ ಕೈ ಇದು. ಮೀಟರ್ ಬೇರೆ ಇದೆ. ನೋಡು, ಮುಳ್ಳು ಇನ್ನೂ ಕೆಳಗೇ ಇದೆ."

"ಐಸಲ್ಲಿದ್ದ ಬಾಟಲಿ ಕಣೋ, ಮುಳ್ಳು ಕೆಳಗೇ ಇರುತ್ತೆ. ಮೀಟರ್ ಒತ್ತಡ ಹೇಳುತ್ತೆ, ಒಳಗೆ ಎಷ್ಟಿದೆ ಅಂತ ಹೇಳಲ್ಲ. ಇದರ ಮೇಲೆ ನಾಲ್ಕೂವರೆ ಕೆಜಿ ಅಂತ ಬರೆದಿದೆಯಲ್ಲ, ಒಳಗಿನ ಗ್ಯಾಸು ಅಷ್ಟೇ ಇರಬೇಕು. ಖಾಲಿ ಬಾಟಲಿ ತೂಕಕ್ಕೆ ಅದನ್ನ ಕೂಡಿಸು, ಅಲ್ಲಿಗೆ ನಿಲ್ಲಿಸು. ಹಳೇದು ಉಳಿದಿದ್ರೆ ಅದೂ ಸೇರಿಸೇ ನಾಲ್ಕೂವರೆ. ಕಂಠಮಟ್ಟ ತುಂಬಿಸಿದ್ರೆ, ಬಿಸಿಲಿಗೆ ಹಿಗ್ಗೋಕೆ ಅದಕ್ಕೆ ಜಾಗ ಎಲ್ಲಿ?"

ಅಷ್ಟರಲ್ಲಿ ಬೆಂಚಿನ ಮೇಲೆ ದುಂಡಗೆ ಕತ್ತರಿಸಿದ ತಾಮ್ರದ ತಗಡು ಅವಳ ಕಣ್ಣಿಗೆ ಬಿತ್ತು. ಬಾಟಲಿಯ ವಾಲ್ವಿನಲ್ಲಿ ಒಂದು ತೆಳು ಬಿಲ್ಲೆ ಇರುತ್ತದೆ. ಒತ್ತಡ ಮಿತಿ ಮೀರಿದರೆ ಅದು ಹರಿದು ಗ್ಯಾಸನ್ನು ಹೊರಗೆ ಬಿಡುತ್ತದೆ. ಹೋದ ತಿಂಗಳು ಈ ಬಾಟಲಿಯ ಬಿಲ್ಲೆ ಎರಡು ಸಲ ಹರಿದಿತ್ತು. ಗ್ಯಾಸು ದಂಡವಾಯಿತೆಂದು ಮೇಸ್ತ್ರಿ ತಾನೇ ದಪ್ಪ ತಗಡು ಕತ್ತರಿಸಿ ಕೂರಿಸಿದ್ದ.

"ಅಯ್ಯೋ, ಅದು ಹರಿದಿದ್ದು ನಿನ್ನ ಜೀವ ಉಳಿಸೋಕೆ! ನೀನು ಅದರ ಬಾಯಿಗೇ ಬೀಗ ಹಾಕಿದ್ದೀಯಲ್ಲೋ. ಇದನ್ನ ಕಾರಿಗೆ ಹಾಕ್ಬೇಡ. ಬಯಲಿಗೆ ತಗೊಂಡು ಹೋಗಿ ನಿಧಾನಕ್ಕೆ ಖಾಲಿ ಮಾಡು."

"ಆಯ್ತು ಮಾರಾಯ್ತಿ, ನೀನು ಹೊರಡು, ಮಾಡ್ತೀನಿ" ಎಂದ.

ಅಕ್ಕ ನಂಬಿ ಹೊರಟಳು. ಅವನು ಖಾಲಿ ಮಾಡಲಿಲ್ಲ. ಬಾಟಲಿ ಗಿರಾಕಿಯ ಕಾರಿನ ಡಿಕ್ಕಿ ಸೇರಿತು.

ಮೇಸ್ತ್ರಿಯ ಹೆಂಡತಿಯ ತಮ್ಮನೂ ಅದೇ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಎಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಏನು ಕೆಟ್ಟಿದೆ ಎಂದು ಹೇಳುತ್ತಿದ್ದವನು. ಕಾರನ್ನು ಅಂಗಳಕ್ಕೆ ತಂದು ಬಿಸಿಲಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ ಬಗ್ಗಿದ. ಡಿಕ್ಕಿಯೊಳಗೆ ಕಾವೇರಿತು. ಮೇಸ್ತ್ರಿ ಒಳಗೆ ಕೈ ತೊಳೆಯುತ್ತಿದ್ದಾಗ ಬಾಟಲಿ ಸಿಡಿಯಿತು.

ಡಿಕ್ಕಿಯ ಮುಚ್ಚಳ ಎದುರಿನ ಅಂಗಡಿಯ ಮಾಳಿಗೆ ಮೇಲೆ ಬಿತ್ತು. ಇಡೀ ಕಾರು ಅಡ್ಡ ಇದ್ದದ್ದರಿಂದ ಭಾವಮೈದುನನ ಜೀವ ಉಳಿಯಿತು. ಎರಡೂ ಕಿವಿ ಹೋದವು. ಮತ್ತೆ ಕೇಳಿಸುವ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಹೆಂಡತಿ ಕೇಳಿದಳು: "ಅತ್ತಿಗೆ ಬೇಡ ಅಂದಿದ್ರಂತೆ. ನಿಜಾನಾ?"

ಮೇಸ್ತ್ರಿ ಹೌದೆಂದು ತಲೆಯಾಡಿಸಿದ. ಅವಳು ಬೈಯಲಿಲ್ಲ, ಎದ್ದು ತಮ್ಮನ ವಾರ್ಡಿಗೆ ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಅಕ್ಕನ ಮಾತು ಮನೆಯಲ್ಲಿ ಯಾರೂ ಮೀರಲಿಲ್ಲ. ತಾಮ್ರದ ತಗಡು ಗುಜರಿಗೆ ಹೋಯಿತು. ಗ್ಯಾರೇಜಿನಲ್ಲಿ ತುಂಬಿಸುವುದೇ ನಿಂತು, ಬಾಟಲಿಗಳೆಲ್ಲ ಪರವಾನಗಿ ಇರುವ ಕಡೆಗೆ ಹೋಗತೊಡಗಿದವು. ಬುದ್ಧಿ ಬಂತು ನಿಜ, ತಡವಾಗಿ ಬಂತು.

ಭಾವಮೈದುನ ಮನೆಗೆ ಬಂದ ದಿನ ಮೇಸ್ತ್ರಿ ಅವನ ಮಂಚದ ಹತ್ತಿರ ಕೂತು, ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಹೇಳಿದ. ತಪ್ಪು ನನ್ನದು ಎಂದ, ಸುಳ್ಳು ಹೇಳಿ ಅಕ್ಕನನ್ನು ಕಳಿಸಿದೆ ಎಂದ, ಕ್ಷಮಿಸು ಎಂದು ಅತ್ತ. ಭಾವಮೈದುನ ಅವನ ತುಟಿಯನ್ನೇ ನೋಡುತ್ತಿದ್ದ.

"ಸ್ವಲ್ಪ ಜೋರಾಗಿ ಹೇಳಿ ಭಾವ" ಎಂದ.

ಬಾಟಲಿ ತುಂಬಿಸುವ ಅಣ್ಣಂದಿರೇ, ತುಂಬಿಸಿಕೊಳ್ಳುವ ತಮ್ಮಂದಿರೇ, ಕೈ ಮುಗಿದು ಕೇಳುತ್ತೇವೆ. ಪರವಾನಗಿ ಇರುವ, ಕಲಿತವರು ಇರುವ ಕಡೆಯೇ ತುಂಬಿಸಿ. ತಕ್ಕಡಿ ಕಾಣದಿದ್ದರೆ ಬಾಟಲಿ ಎತ್ತಿಕೊಂಡು ವಾಪಸ್ ಬನ್ನಿ. ಬರೆದಿರುವ ತೂಕಕ್ಕಿಂತ ಒಂದು ಗ್ರಾಂ ಹೆಚ್ಚು ಕೇಳಬೇಡಿ, ಕೊಡಲೂಬೇಡಿ. ಬಿಲ್ಲೆ ಹರಿದರೆ ಅದೇ ಬಾಟಲಿಗೆ ತಯಾರಾದ ಹೊಸ ಬಿಲ್ಲೆಯೇ ಬೇಕು, ಅದನ್ನೂ ಬಲ್ಲವರೇ ಹಾಕಲಿ. ಬಾಟಲಿಗೆ ಬೆಂಕಿ ತೋರಿಸಬೇಡಿ, ವಾಲ್ವಿಗೆ ಎಣ್ಣೆ, ಗ್ರೀಸು ಮುಟ್ಟಿಸಬೇಡಿ, ಕತ್ತಿನ ಮೇಲೆ ಕೆತ್ತಿರುವ ಪರೀಕ್ಷೆಯ ದಿನಾಂಕ ದಾಟಿದ್ದರೆ ಮುಟ್ಟಲೇಬೇಡಿ. ನಿಮ್ಮ ಜೊತೆ ಕೆಲಸ ಮಾಡುವವನಿಗೆ ಇದನ್ನು ಇವತ್ತೇ ಹೇಳಿ, ಅವನಿಗೆ ಕಿವಿ ಕೇಳಿಸುವಾಗಲೇ ಹೇಳಿ.